ಕಿವಿಯ ದೂರು

ದೂರು ಕೊಡಲು ಬರುವವರಲ್ಲಿ ಹೆಚ್ಚಿನವರು ಮೊದಲು ಹೊಗಳುತ್ತಾರೆ. "ಡಾಕ್ಟ್ರು ಪಾಪ ಒಳ್ಳೆಯವರೇ, ನರ್ಸು ಕೂಡ ಒಳ್ಳೆಯವರೇ, ಎಂತ ಹೇಳುದು" ಎಂದು ಶುರುಮಾಡಿ, ಚೀಟಿ ಬರೆಯುವವರನ್ನು ಹೊಗಳಿ, ನೆಲ ಒರೆಸುವವರನ್ನೂ ಬಿಡದೆ ಹೊಗಳಿ, ಕೊನೆಗೆ ಎಲ್ಲೋ ಒಂದು 'ಆದರೆ' ಬರುತ್ತದೆ. ಆ 'ಆದರೆ' ಬರುವ ತನಕ ನಾನು ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ಕಲಿತ ವಿದ್ಯೆ ಇಷ್ಟೇ ಎಂದರೂ ತಪ್ಪಿಲ್ಲ.

ಕುರ್ಚಿ ಇರುವುದು ಕಾಸರಗೋಡಿನ ವಿದ್ಯಾನಗರದಲ್ಲಿ, ಮಕ್ಕಳ ವಿಷಯ ನೋಡಿಕೊಳ್ಳುವ ಒಂದು ಸಣ್ಣ ಕಛೇರಿಯ ಮೂಲೆಯಲ್ಲಿ. ಹೆತ್ತವರಿಲ್ಲದ, ಅಥವಾ ಇದ್ದೂ ಸಾಕಲಾಗದ ಮಕ್ಕಳನ್ನು ಬೇರೊಂದು ಕುಟುಂಬ ತನ್ನ ಮನೆಯಲ್ಲಿಟ್ಟುಕೊಂಡು ಬೆಳೆಸುವ ಏರ್ಪಾಡು ಒಂದಿದೆ. ಇದು ದತ್ತು ಅಲ್ಲ. ಮಗು ಆ ಮನೆಯಲ್ಲಿ ಉಣ್ಣುತ್ತದೆ, ಮಲಗುತ್ತದೆ, ಹಟ ಮಾಡುತ್ತದೆ, ಪೆಟ್ಟು ತಿನ್ನುತ್ತದೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅದು ಸಮಿತಿಗೆ ಸೇರಿದ್ದು. ಸಮಿತಿ ಎಂದರೆ ಸರಕಾರ ನೇಮಿಸಿದ ಕೆಲವರು. ಮಗು ಎಲ್ಲಿರಬೇಕು, ಎಷ್ಟು ಕಾಲ ಇರಬೇಕು ಎಂದು ತೀರ್ಮಾನಿಸುವವರು ಅವರೇ. ಇಂಥ ಮಕ್ಕಳ ಔಷಧಿ, ಚಿಕಿತ್ಸೆ ಸರಿಯಾಗಿ ಆಗುತ್ತಿಲ್ಲವೆಂದು ದೂರು ಬಂದರೆ ಅದನ್ನು ಬರೆದುಕೊಂಡು ಮೇಲೆ ಕಳಿಸುವುದು ನನ್ನ ಕೆಲಸ. ಜನ ಹೇಳುವುದು ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿ ಭಾಷೆಯಲ್ಲಿ. ಕಡತ ನಡೆಯುವುದು ಮಲಯಾಳದಲ್ಲಿ. ನಡುವೆ ನಾನು.

ಹೊಗಳಿಕೆಯ ಹಿಂದೆ ಇರುವುದು ಹೆದರಿಕೆ, ಬೇರೇನಲ್ಲ. ದೂರು ಹೇಳಿದರೆ ಮಗುವನ್ನು ವಾಪಸು ತೆಗೆದುಕೊಂಡು ಹೋಗುತ್ತಾರೆ ಎಂಬ ಹೆದರಿಕೆ ಸಾಕುತಾಯಂದಿರಿಗೆಲ್ಲ ಇದೆ. ಮಗುವಿಗೆ ಆಸ್ಪತ್ರೆಯಲ್ಲಿ ಅವಧಿ ಮುಗಿದ ಔಷಧಿ ಕೊಟ್ಟರೂ ಬಾಯಿ ಮುಚ್ಚಿಕೊಂಡು ಬರುವವರನ್ನು ನಾನು ಕಂಡಿದ್ದೇನೆ. ಅವರ ಮೇಲೆ ಸಿಟ್ಟು ಬಂದರೂ ಬೈಯಲು ಮನಸ್ಸಾಗುವುದಿಲ್ಲ.

ಉಪ್ಪಳದಿಂದ ಬಂದ ಈ ಹೆಂಗಸು ಮಾತ್ರ 'ಆದರೆ'ಯಿಂದಲೇ ಶುರುಮಾಡಿದಳು. ಬ್ಯಾಗನ್ನು ನನ್ನ ಮೇಜಿನ ಮೇಲೆ, ನನ್ನ ಕಡತಗಳ ಮೇಲೆಯೇ ಇಟ್ಟು, "ನಿಮ್ಮ ಆಸ್ಪತ್ರೆಯವರಿಗೆ ಕಣ್ಣು ಕಾಣುದಿಲ್ವಾ ಮೇಡಂ?" ಎಂದಳು. ನನ್ನ ಆಸ್ಪತ್ರೆ ಎಂದು ಯಾವುದೂ ಇಲ್ಲವೆಂದು ಹೇಳಿದೆ. "ಸರಕಾರದ್ದು ಎಲ್ಲ ಒಂದೇ," ಎಂದು ಕುರ್ಚಿ ಎಳೆದು ಕೂತಳು. ನಲವತ್ತು ದಾಟಿದ ಹೆಂಗಸು. ಗಂಡ ಕೊಲ್ಲಿಯಿಂದ ವಾಪಸು ಬಂದು ಹೆದ್ದಾರಿಯ ಬದಿಯಲ್ಲಿ ಟಯರಿನ ಪಂಕ್ಚರ್ ಅಂಗಡಿ ಇಟ್ಟಿದ್ದ. ಮಕ್ಕಳಿರಲಿಲ್ಲ. ಐದು ವರ್ಷದ ಒಂದು ಹುಡುಗಿಯನ್ನು ಸಮಿತಿ ಅವರ ಮನೆಗೆ ಸಾಕಲು ಕೊಟ್ಟು ಆಗ ವರ್ಷ ಕಳೆದಿತ್ತು.

ಹುಡುಗಿಗೆ ಎರಡೂ ಕಿವಿ ಸೋರುತ್ತಿತ್ತು. ಬರುವಾಗಲೇ ಇದ್ದ ತೊಂದರೆ. ಎಡಗಿವಿ ಹೆಚ್ಚು, ಬಲಗಿವಿ ಸ್ವಲ್ಪ ಕಡಿಮೆ. ಹತ್ತಿರದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಹನಿಮದ್ದು ಕೊಟ್ಟರು. ಸೋರುವುದು ನಿಂತಿತು, ಮತ್ತೆ ಶುರುವಾಯಿತು. ಕಿವಿಯ ಡಾಕ್ಟರು ವಾರದಲ್ಲಿ ಕೆಲವು ದಿನ ಮಾತ್ರ ಬರುವವರು. ಅವರು ಬರುವ ದಿನ ಹೋದರೆ ರಜೆ. ರಜೆ ಮುಗಿಯಿತೆಂದು ಹೋದರೆ ವರ್ಗ. ಹೊಸಬರು ಬಂದು, ಇದು ಹನಿಮದ್ದಿಗೆ ಬಗ್ಗುವುದಲ್ಲ, ಆಪರೇಷನ್ ಆಗಬೇಕು, ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ದೊಡ್ಡಾಸ್ಪತ್ರೆ ಎಂದರೆ ರೈಲಿನಲ್ಲಿ ಅರ್ಧ ದಿನ ತೆಂಕಕ್ಕೆ. ಅಲ್ಲಿ, ಮಗುವಿನ ರಕ್ಷಕರು ಯಾರು, ಅವರ ಒಪ್ಪಿಗೆ ತನ್ನಿ ಎಂದರು. ರಕ್ಷಕರು ಎಂದರೆ ಸಮಿತಿ. ಸಮಿತಿ ಸಭೆ ಸೇರಿ ಒಪ್ಪಿಗೆ ಕೊಡುವಷ್ಟರಲ್ಲಿ ಆಸ್ಪತ್ರೆ ಕೊಟ್ಟ ದಿನ ದಾಟಿತ್ತು. ಮತ್ತೆ ಹೋದಾಗ ಶ್ರವಣ ಪರೀಕ್ಷೆ ಹೊಸದಾಗಿ ಆಗಬೇಕೆಂದರು. ಅದರ ಯಂತ್ರ ಹಾಳಾಗಿತ್ತು.

"ಬರೀರಿ," ಎಂದಳು ಆಕೆ. "ಅವರ ಕಿವಿಯೂ ಹೀಗೇ ಸೋರಬೇಕು, ಆಗ ಗೊತ್ತಾಗ್ತದೆ ಅಂತ ಬರೀರಿ."

"ಅದು ಬರೀಲಿಕ್ಕೆ ಆಗುದಿಲ್ಲ."

"ಯಾಕೆ ಆಗುದಿಲ್ಲ? ನಾನು ಹೇಳಿದ್ದಲ್ವಾ?"

"ಇದು ದೂರು ಮಾರಾಯ್ತಿ, ಶಾಪ ಅಲ್ಲ. ಯಾವಾಗ ಹೋದದ್ದು, ಯಾರು ನೋಡಿದ್ದು, ಎಂತ ಹೇಳಿ ಕಳಿಸಿದ್ದು, ಅದು ಹೇಳಿ."

"ದಿನ ಎಲ್ಲ ಯಾರಿಗೆ ನೆನಪುಂಟು! ತಲೆದಿಂಬೆಲ್ಲ ಕೀವು ಆದದ್ದು ನೆನಪುಂಟು. ಅದು ಬರೀರಿ."

ಬರೆದೆ. ತಲೆದಿಂಬಿನ ಕೀವಿಗೆ ಮಲಯಾಳದ ಕಡತದಲ್ಲಿ ಒಂದು ಸಭ್ಯವಾದ ಮಾತಿದೆ, ಅದನ್ನು ಹಾಕಿದೆ. ಓದಿ ಹೇಳಿದಾಗ ಆಕೆಗೆ ಸಮಾಧಾನವಾಗಲಿಲ್ಲ. ಉಪ್ಪಳದವಳಲ್ಲವೇ, ಮಾತಾಡಲು ಬಾರದಿದ್ದರೂ ಮಲಯಾಳ ಅಷ್ಟಿಷ್ಟು ಅರ್ಥವಾಗುತ್ತಿತ್ತು. "ಇದರಲ್ಲಿ ಉಪ್ಪುಖಾರ ಎಂತ ಇಲ್ಲ," ಎಂದಳು. ಉಪ್ಪುಖಾರ ಹಾಕಿದ ದೂರು ಮೊದಲ ಮೇಜಿನಲ್ಲೇ ಬಿದ್ದಿರುತ್ತದೆ ಎಂದು ವಿವರಿಸಿದೆ. ಒಪ್ಪಿ ಸಹಿ ಹಾಕಿದಳು. ಹೋಗುವಾಗ ಬಾಗಿಲಿನ ಹತ್ತಿರ ನಿಂತು, "ಎಡದ್ದು ಹೋದ ಹಾಗೆಯೇ ಉಂಟು ಅಕ್ಕ. ಬಲದ್ದಾದರೂ ಉಳೀಬೇಕು," ಎಂದಳು. ಮೇಡಂ ಹೋಗಿ ಅಕ್ಕ ಆದದ್ದು ಆಗ.

ದೂರು ಹೇಗೆ ನಡೆಯುತ್ತದೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಅದು ನನ್ನ ಮೇಜಿನಿಂದ ನಮ್ಮ ಅಧಿಕಾರಿಯ ಮೇಜಿಗೆ, ಅಲ್ಲಿಂದ ಇನ್ನೊಂದು ಕಛೇರಿಗೆ, ಅಲ್ಲಿಂದ ಆರೋಗ್ಯದವರಿಗೆ ಹೋಗುತ್ತದೆ. ಅವರು ಅದನ್ನು ಯಾರ ಮೇಲೆ ದೂರು ಇದೆಯೋ ಅದೇ ಆಸ್ಪತ್ರೆಗೆ ಕಳಿಸಿ, ಹೀಗಂತೆ, ನಿಜವೇ ಎಂದು ಕೇಳುತ್ತಾರೆ. ಹೌದು, ನಿಜ ಎಂದು ಬರೆದ ಆಸ್ಪತ್ರೆಯನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಲಭ್ಯವಿರುವ ಚಿಕಿತ್ಸೆಯನ್ನೆಲ್ಲ ಒದಗಿಸಲಾಗಿದೆ ಎಂಬ ಉತ್ತರ ಬಂದ ದಾರಿಯಲ್ಲೇ ಹಿಂದೆ ಬರುತ್ತದೆ. ಅದನ್ನು ನಾನು ಕನ್ನಡಕ್ಕೆ ತಿರುಗಿಸಿ ದೂರು ಕೊಟ್ಟವರಿಗೆ ಓದಿ ಹೇಳಬೇಕು. ಇದಕ್ಕೆ ನಮ್ಮಲ್ಲಿ ದೂರು ಪರಿಹಾರ ಎನ್ನುತ್ತಾರೆ.

ಈ ದೂರಿಗೂ ಹಾಗೆಯೇ ಉತ್ತರ ಬಂತು. ನಾನು ಅದನ್ನು ಆಕೆಗೆ ಓದಿ ಹೇಳುವ ಬದಲು ಅಧಿಕಾರಿಯ ಕೋಣೆಗೆ ನುಗ್ಗಿದೆ. ಅವರು ತೆಂಕಣದವರು, ನನಗಿಂತ ಬಹಳ ಚಿಕ್ಕವರು, ನನ್ನನ್ನು ಚೇಚಿ ಎಂದು, ಅಕ್ಕ ಎಂದು, ಕರೆಯುವವರು. ಸೌಮ್ಯ ಮನುಷ್ಯ. ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. "ನೋಕಾಂ ಚೇಚಿ," ಎನ್ನುತ್ತಾರೆ, ನೋಡೋಣ ಎಂದು. ಅವರ ನೋಕಾಂ ಎಷ್ಟೋ ಕಡತಗಳ ಮೇಲೆ ಧೂಳಿನ ಜೊತೆ ಕೂತಿದೆ. ಅವತ್ತು ನಾನು ಜಗ್ಗಲಿಲ್ಲ. ಹಾಳಾದ ಯಂತ್ರ ರಿಪೇರಿಯಾಯಿತೇ, ಹೊಸ ದಿನ ಯಾವಾಗ ಎಂಬುದನ್ನು ಉತ್ತರದಲ್ಲಿ ಬರೆದೇ ಇಲ್ಲವೆಂದು ತೋರಿಸಿದೆ. ಅವರು ಓದಿದರು, ತಲೆ ಕೆರೆದುಕೊಂಡರು, ಸಮಿತಿಯ ಮುಂದೆ ವಿಚಾರಣೆಗೆ ಇಡಲು ಬರೆದರು. ವಿಚಾರಣೆ ಎಂದರೆ ಆಸ್ಪತ್ರೆಯವರನ್ನೂ ಸಾಕುತಾಯಿಯನ್ನೂ ಎದುರು ಕೂರಿಸಿ ಕೇಳುವುದು. ನನ್ನ ಮೇಜಿನ ದೂರುಗಳಲ್ಲಿ ಅಲ್ಲಿಯವರೆಗೆ ಹೋಗುವವು ಬಹಳ ಕಡಿಮೆ. ಖುಷಿಯಿಂದ ನಾನೇ ಉಪ್ಪಳಕ್ಕೆ ಫೋನು ಮಾಡಿ ತಿಳಿಸಿದೆ. "ಈಗ ಅವರಿಗೆ ಉಂಟು," ಎಂದಳು ಆಕೆ.

ವಿಚಾರಣೆಗೆ ಮೊದಲು ಏನಾಯಿತೆಂದು ನನಗೆ ಆಮೇಲೆ ತಿಳಿದದ್ದು. ಒಂದು ಬೆಳಿಗ್ಗೆ ಹುಡುಗಿಗೆ ಸುಡುವ ಜ್ವರ. ಎಡಗಿವಿಯ ಹಿಂದೆ ಊದಿಕೊಂಡು ಕಿವಿಯೇ ಮುಂದಕ್ಕೆ ಬಂದಿತ್ತು. ಗಂಡ ಅಂಗಡಿಗೆ ಹೋಗಿದ್ದ. ನೆರೆಮನೆಯ ಬ್ಯಾರಿಯವರು ಬಾಡಿಗೆ ಕಾರು ಓಡಿಸುವವರು. ಆಕೆ ಮಗುವನ್ನು ಎತ್ತಿಕೊಂಡು ಅವರ ಅಂಗಳಕ್ಕೆ ಓಡಿದಳು. ಅವರು ಎಲ್ಲಿಗೆ ಎಂದು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಕಾರು ಬಡಗು ಮುಖವಾಗಿ ಹೊರಟು, ತಲಪಾಡಿ ದಾಟಿ, ಮಂಗಳೂರಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು.

ಇದರಲ್ಲಿ ವಿಶೇಷವೇನೂ ಇಲ್ಲ ಎಂಬುದು ಕಾಸರಗೋಡಿನವರಿಗೆ ಗೊತ್ತು. ನಮ್ಮಲ್ಲಿ ಆಸ್ಪತ್ರೆಗೆ ಹೋದರು ಎಂದರೆ ಮಂಗಳೂರಿಗೆ ಹೋದರು ಎಂದೇ ಅರ್ಥ. ಹೆರಿಗೆಗೆ ಅಲ್ಲಿಗೆ, ಎದೆನೋವಿಗೆ ಅಲ್ಲಿಗೆ, ಹಲ್ಲಿಗೆ ಅಲ್ಲಿಗೆ, ಕಡೆಗೆ ಉಸಿರು ಬಿಡುವುದಕ್ಕೂ ಅಲ್ಲಿಗೆ. ಕೊರೊನಾದ ಕಾಲದಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಮಾತ್ರ ಅಲ್ಲೊಂದು ಗಡಿ ಇದೆಯೆಂದು ನಮಗೆ ಗೊತ್ತಾಯಿತು. ಮಣ್ಣು ತೆಗೆದ ಮರುದಿನ ಮರೆತೆವು. ನನ್ನ ರಕ್ತದೊತ್ತಡದ ಮಾತ್ರೆಯೂ ಅಲ್ಲಿಯ ಡಾಕ್ಟರೇ ಬರೆದುಕೊಟ್ಟದ್ದು.

ಅಲ್ಲಿಯ ಡಾಕ್ಟರು ನೋಡಿದ ತಕ್ಷಣ ಮಗುವನ್ನು ಸೇರಿಸಿಕೊಂಡರು. ಕಿವಿಯ ಹಿಂದೆ ತುಂಬಿದ ಕೀವು ತೆಗೆದರು. ಜ್ವರ ಇಳಿಯಿತು. ಎಡಗಿವಿ ಇನ್ನು ಹೆಚ್ಚು ಕೇಳಲಿಕ್ಕಿಲ್ಲ, ಬಲಗಿವಿಯನ್ನು ಉಳಿಸಬಹುದು, ಆದರೆ ತಡಮಾಡದೆ ಆಪರೇಷನ್ ಮಾಡಬೇಕು ಎಂದು ಹೇಳಿ ದಿನವನ್ನೂ ಕೊಟ್ಟು ಕಳಿಸಿದರು. ಅಲ್ಲಿ ಸೇರಿಸುವಾಗ ಮಗುವಿಗೆ ನೀವು ಏನಾಗಬೇಕು ಎಂದು ಕೇಳಿದ್ದಕ್ಕೆ ಆಕೆ ಅಮ್ಮ ಎಂದಿದ್ದಳು, ಅಮ್ಮ ಎಂದೇ ಸಹಿ ಹಾಕಿದ್ದಳು. ಬೇರೇನು ಹೇಳಬೇಕಿತ್ತು? ಜ್ವರದಲ್ಲಿ ಕಣ್ಣು ಬಿಡದ ಮಗು ಕುತ್ತಿಗೆಗೆ ಜೋತುಬಿದ್ದಿರುವಾಗ ಯಾವ ಹೆಂಗಸೂ ನಾನು ಇದರ ತಾತ್ಕಾಲಿಕ ಪಾಲಕಿ ಎನ್ನುವುದಿಲ್ಲ.

ವಿಚಾರಣೆಯ ದಿನ ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬ್ಯಾರಿಯವರ ಕಾರಿನಲ್ಲೇ ಬಂದಳು. ಮುಖದಲ್ಲಿ ಗೆದ್ದ ಕಳೆಯಿತ್ತು. ನನ್ನ ಹತ್ತಿರ ಮಾತಾಡಲು ಪುರುಸೊತ್ತಾಗುವ ಮೊದಲೇ ಒಳಗೆ ಕರೆದರು. ಉದ್ದದ ಮೇಜು. ಆಚೆ ಬದಿ ಸಮಿತಿಯವರು. ಅಧ್ಯಕ್ಷೆ ನಿವೃತ್ತ ಅಧ್ಯಾಪಿಕೆ, ತೆಳ್ಳಗಿನ ನಗುಮುಖದವರು. ಒಂದು ಬದಿಯಲ್ಲಿ ಆಸ್ಪತ್ರೆಯಿಂದ ಬಂದವರು, ಇನ್ನೊಂದು ಬದಿಯಲ್ಲಿ ಆಕೆ. ಅನುವಾದಕ್ಕೆಂದು ನಾನು ಪಕ್ಕದಲ್ಲಿ.

ಮೊದಲಿಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಯಂತ್ರದ ಪ್ರಶ್ನೆಗೆ ಆಸ್ಪತ್ರೆಯವರು ತಡಬಡಾಯಿಸಿದರು. ಅಧ್ಯಕ್ಷೆ ಅವರನ್ನು ಗದರಿಸಿದರು. ಆಕೆಗೆ ಹುರುಪು ಬಂತು. ಗೆಲ್ಲುತ್ತಿರುವಾಗ ಸುಮ್ಮನಿರುವುದು ಆಕೆಗೆ ಗೊತ್ತಿರಲಿಲ್ಲ. ಎದ್ದು ನಿಂತಳು.

"ಇವರು ವರ್ಷಗಟ್ಟಲೆ ಓಡಾಡಿಸಿದ್ದು ಅಲ್ವಾ? ನಾನು ಒಂದೇ ದಿವಸದಲ್ಲಿ ಮಾಡಿಸಿದ್ದೇನೆ. ಮಂಗಳೂರಿಗೆ ಕೊಂಡು ಹೋದೆ. ಅಲ್ಲಿ ಅಡ್ಮಿಟ್ ಮಾಡಿ ಕೀವು ಎಲ್ಲ ತೆಗೆದ್ರು. ಆಪರೇಷನಿಗೆ ದಿನವೂ ಕೊಟ್ಟಿದ್ದಾರೆ. ಅವರಿಗೆ ಆಗ್ತದೆ, ಇವರಿಗೆ ಯಾಕೆ ಆಗುದಿಲ್ಲ ಕೇಳಿ!"

ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಆಚೆ ಇದ್ದವರಿಗೆ ವಿಷಯ ತಲುಪಿತ್ತು. ಮಂಗಳೂರು ಎಂಬ ಹೆಸರಿಗೆ ಅನುವಾದ ಬೇಕಾಗಿರಲಿಲ್ಲ. ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. ಯಾರ ಅನುಮತಿ ಪಡೆದು ಮಗುವನ್ನು ರಾಜ್ಯದ ಹೊರಗೆ ಕರೆದೊಯ್ದಿರಿ ಎಂದು ಮೆಲ್ಲಗೆ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಆಕೆ ನನ್ನ ಮುಖ ನೋಡಿದಳು. "ಯಾವ ರಾಜ್ಯ? ನಾನು ಆಸ್ಪತ್ರೆಗೆ ಕೊಂಡು ಹೋದದ್ದು."

"ಮಂಗಳೂರು ಕರ್ನಾಟಕ ಅಲ್ವಾ," ಎಂದೆ.

"ಹೌದು. ಅದಕ್ಕೆ?"

ಹೊರಗೆ ಬೆಂಚಿನಲ್ಲಿ ಕೂತಿದ್ದ ಬ್ಯಾರಿಯವರನ್ನೂ ಕರೆಸಿ ಕೇಳಿದರು. ಅವರು ಟೊಪ್ಪಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿ, "ನಾನು ಎಂತ ದೆಲ್ಲಿಗೆ ಕೊಂಡು ಹೋದದ್ದಾ ಮಾರಾಯ್ರೆ? ನಮ್ಮ ಮನೆಯಿಂದ ಇಲ್ಲಿಗೆ ಬರುದಕ್ಕಿಂತ ತಲಪಾಡಿ ಹತ್ತಿರ ಉಂಟು," ಎಂದರು. ಯಾರೂ ನಗಲಿಲ್ಲ. ಸಾಕುಮಗುವನ್ನು ಸಮಿತಿಯ ಅಪ್ಪಣೆಯಿಲ್ಲದೆ ರಾಜ್ಯದಿಂದಾಚೆ ಒಯ್ಯಬಾರದು ಎಂಬ ನಿಯಮವನ್ನು ಮಗುವನ್ನು ಒಪ್ಪಿಸುವ ದಿನ ಆಕೆಗೆ ಓದಿ ಹೇಳಿದ್ದರು. ಆಕೆಗೆ ಅದು ನೆನಪಿತ್ತು ಕೂಡ. ಅವಳು ತಿಳಿದುಕೊಂಡದ್ದು ಬೊಂಬಾಯಿಗೋ ದುಬಾಯಿಗೋ ಹೋಗಬಾರದು ಎಂದು.

ಆಮೇಲೆ ದೂರಿನ ದಿಕ್ಕೇ ಬದಲಾಯಿತು. ಆಸ್ಪತ್ರೆಯವರು ಮಾಡಿದ್ದನ್ನು ಸಾಬೀತು ಮಾಡಬೇಕಿತ್ತು. ಆಕೆ ಮಾಡಿದ್ದನ್ನು ಆಕೆಯೇ ಎದ್ದುನಿಂತು ಒಪ್ಪಿಕೊಂಡಿದ್ದಳು. ಆಸ್ಪತ್ರೆಯಿಂದ ಬಂದವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಮ್ಮ ಎಂದು ಸಹಿ ಹಾಕಿದ್ದೂ ಹೊರಬಂತು. ಆ ವಿಷಯವನ್ನೂ ಯಾರೂ ಕೇಳಿರಲಿಲ್ಲ, ತಾನು ಎಷ್ಟು ಓಡಾಡಿದೆನೆಂದು ತಿಳಿಯಲಿ ಎಂದು ಅವಳೇ ಹೇಳಿದಳು. ಅವಳ ಸೆರಗು ಎಳೆದು ಕೂರಿಸಬೇಕೆಂದು ನನಗೆ ಎಷ್ಟು ಅನಿಸಿತೆಂದರೆ ಕೈ ಅರ್ಧಕ್ಕೆ ಹೋಗಿತ್ತು.

ನಮ್ಮ ಅಧಿಕಾರಿ ಆಕೆಯ ಪರವಾಗಿಯೇ ಮಾತಾಡಿದರು. ಪ್ರಾಣಕ್ಕೆ ಬಂದಾಗ ಹತ್ತಿರದ ಆಸ್ಪತ್ರೆಗೆ ಹೋಗುವುದು ತಪ್ಪಲ್ಲ ಎಂದರು. ಅಧ್ಯಕ್ಷೆಯೂ ಹೌದೆಂದರು. ಆದರೆ ವಾಪಸು ಬಂದ ಮೇಲೆ ತಿಳಿಸಲಿಲ್ಲವಲ್ಲ, ಆಪರೇಷನಿಗೆ ತಾನೇ ದಿನ ಗೊತ್ತುಮಾಡಿ ಬಂದಳಲ್ಲ, ನಾಳೆ ಅಲ್ಲಿ ಹೆಚ್ಚುಕಡಿಮೆಯಾದರೆ ಉತ್ತರ ಹೇಳುವವರು ಯಾರು ಎಂದು ಕೇಳಿದರು. ಮಗುವಿಗೆ ಬೇಗ ಆಪರೇಷನ್ ಆಗಬೇಕೆಂಬುದೇ ಎಲ್ಲರ ಇಚ್ಛೆ, ಆದ್ದರಿಂದ ದೊಡ್ಡಾಸ್ಪತ್ರೆಯ ಹತ್ತಿರವೇ ಇರುವ, ತೆಂಕಣ ಜಿಲ್ಲೆಯೊಂದರ ಮಕ್ಕಳ ಮನೆಗೆ ಹುಡುಗಿಯನ್ನು ಸದ್ಯಕ್ಕೆ ಕಳಿಸುವುದು ಎಂದು ತೀರ್ಮಾನವಾಯಿತು. ಮಂಗಳೂರಿನ ದಿನ ರದ್ದಾಯಿತು.

ಆ ಕೋಣೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ತರಿಸುವುದು ಅದೇ. ಕೆಟ್ಟವರಿದ್ದಿದ್ದರೆ ನಾಲ್ಕು ಮಾತು ಬೈದಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅಧ್ಯಕ್ಷೆ ಹೊರಗೆ ಹೋಗುವಾಗ ಆಕೆಯ ಬೆನ್ನು ಸವರಿದರು. ಆಕೆ ಅವರ ಕೈಯನ್ನು ತಳ್ಳಲಿಲ್ಲ. ಏನಾಯಿತೆಂದು ಅವಳಿಗೆ ಆಗಲೂ ಪೂರ್ತಿ ತಿಳಿದಿರಲಿಲ್ಲವೆಂದು ಕಾಣುತ್ತದೆ. ಮೆಟ್ಟಿಲು ಇಳಿಯುತ್ತ, "ಈಗ ನಾವು ಗೆದ್ದದ್ದಾ ಅಕ್ಕ?" ಎಂದು ಕೇಳಿದಳು. ನಾನು ಅಲ್ಲೇ ನಿಂತು ವಿವರಿಸಿ ಹೇಳಿದೆ. ಬ್ಯಾರಿಯವರು ಕಾರಿನ ಬಾಗಿಲು ತೆರೆದು ಹಿಡಿದುಕೊಂಡಿದ್ದರು, ಆಕೆ ಬಹಳ ಹೊತ್ತು ಹತ್ತಲಿಲ್ಲ.

ಮಗುವನ್ನು ಕೊಂಡುಹೋಗುವ ದಿನ ಭಾಷೆಗೆಂದು ನನ್ನನ್ನೂ ಕರೆದರು. ಬರುವುದಿಲ್ಲ ಎನ್ನಬಹುದಿತ್ತು. ಬೇರೆ ಯಾರಾದರೂ ಹೋಗಿ ತುಳು ತಿಳಿಯದೆ ಗಲಾಟೆಯಾಗುವುದು ಬೇಡವೆಂದು ಹೋದೆ. ಗಂಡ ಮನೆಯ ಹಿಂದೆ ಎಲ್ಲೋ ಇದ್ದ, ಎದುರಿಗೆ ಬರಲೇ ಇಲ್ಲ. ಆಕೆ ಅಳುತ್ತಿರಲಿಲ್ಲ. ನಮ್ಮ ಜೊತೆ ಬಂದಿದ್ದ, ಮಕ್ಕಳ ಮನೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಹಿಡಿದು ನಿಲ್ಲಿಸಿ ಹೇಳತೊಡಗಿದ್ದಳು. ಮೀಯಿಸುವಾಗ ಎಣ್ಣೆಯಲ್ಲಿ ಅದ್ದಿದ ಹತ್ತಿ ಕಿವಿಗೆ ಇಡಬೇಕು. ತಲೆಗೆ ತಣ್ಣೀರು ಬೇಡ. ಬೂತಾಯಿ ಮೀನು ಎಂದರೆ ಪ್ರಾಣ, ಮುಳ್ಳು ತೆಗೆದು ಕೊಡಬೇಕು. ಕರೆಯುವುದಾದರೆ ಬಲಬದಿಗೆ ಬಂದು ಕರೆಯಬೇಕು, ಎಡಬದಿಯಿಂದ ಕರೆದರೆ ತಿಳಿಯುವುದಿಲ್ಲ, ಅಹಂಕಾರ ಎಂದು ಎಣಿಸಬೇಡಿ. ನಾನು ಒಂದೊಂದನ್ನೂ ಮಲಯಾಳದಲ್ಲಿ ಹೇಳುತ್ತ ಹೋದೆ. ಆ ಹುಡುಗಿ ತಲೆಯಾಡಿಸುತ್ತ ಹೋದಳು. ಅಷ್ಟು ಮಕ್ಕಳ ನಡುವೆ ಇದರಲ್ಲಿ ಎಷ್ಟು ಉಳಿಯುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಗುವಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳುವುದು ಹೇಗೆ? ಹೊಸ ಫ್ರಾಕು ಹಾಕಿಕೊಂಡು, ಜೀಪನ್ನು ನೋಡಿ, ಮತ್ತೆ ಮಂಗಳೂರಿಗೆ ಎಂದುಕೊಂಡು ತಾನೇ ಓಡಿಬಂದು ಹತ್ತಿದಳು. ಅಲ್ಲಿ ಅವಳಿಗೆ ಐಸ್‌ಕ್ರೀಮು ಕೊಡಿಸಿದ್ದರಂತೆ. ಕಿಟಕಿಯ ಬದಿಯ ಸೀಟು ಹಿಡಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು, ಅಮ್ಮನಿಗೆ ಕೂರಲು. ನನಗೆ ಆಗ ನಿಂತ ನೆಲವೇ ಬೇಡವಾಯಿತು. ಜೀಪು ತಿರುವು ದಾಟುವ ತನಕ ಮಗುವಿನ ಕೂಗು ಕೇಳುತ್ತಿತ್ತು. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೂರಿನ ಕಡತ ಮುಚ್ಚಿದರು. ಮಗುವಿಗೆ ಬೇರೆಡೆ ಚಿಕಿತ್ಸೆಯ ವ್ಯವಸ್ಥೆಯಾಗಿರುವುದರಿಂದ ದೂರು ಇತ್ಯರ್ಥವಾಗಿದೆ ಎಂಬ ಸಾಲನ್ನು ಕನ್ನಡಕ್ಕೆ ತಿರುಗಿಸಿ ಆಕೆಗೆ ಕಳಿಸಬೇಕಾದವಳು ನಾನೇ. ಕಳಿಸಿದೆ. ವಾರ ಕಳೆಯುವುದರೊಳಗೆ ಆಕೆ ಬಂದಳು, ಹೊಸ ದೂರು ಬರೆಯಬೇಕೆಂದಳು. ಬರೆದೆ. ಸಾಕುತಾಯಿ ಅಲ್ಲದವರ ದೂರನ್ನು ಪರಿಗಣಿಸಲು ಬರುವುದಿಲ್ಲವೆಂದು ಉತ್ತರ ಬಂತು. ಗಂಡನ ಹೆಸರಲ್ಲಿ ಬರೆದೆವು, ಅದೇ ಉತ್ತರ. ಆಪರೇಷನ್ ಯಾವಾಗ ಎಂದು ನಾನು ಕಛೇರಿಯ ಕಡೆಯಿಂದಲೇ ಕೇಳಿದೆ. ಸರದಿಯಲ್ಲಿದೆ ಎಂದರು. ಮತ್ತೆ ಕೇಳಿದೆ, ಮಗುವಿಗೆ ನೆಗಡಿ, ಮುಂದೂಡಿದೆ ಎಂದರು. ಮಳೆಗಾಲ ಬಂದು ಹೋಯಿತು. ಮೂರನೆಯ ಸಲ ಕೇಳಿದಾಗ ಸರದಿ ಹೊಸದಾಗಿ ಶುರುವಾಗಿತ್ತು. ಅಧಿಕಾರಿಗೆ ಹೇಳಿದರೆ ನೋಕಾಂ ಎಂದು ಕೂಡ ಹೇಳಲಿಲ್ಲ. ಆಮೇಲೆ ಅವರಿಗೂ ವರ್ಗವಾಯಿತು.

ಹೋಗುವ ಮೊದಲು ಅವರು ಮಾಡಿಕೊಟ್ಟ ಒಂದೇ ಉಪಕಾರವೆಂದರೆ, ಆಕೆ ಮಗುವಿನ ಹತ್ತಿರ ಫೋನಿನಲ್ಲಿ ಮಾತಾಡಬಹುದು ಎಂಬ ಒಪ್ಪಿಗೆ. ನಮ್ಮ ಕಛೇರಿಯ ಫೋನಿನಿಂದಲೇ ಆಗಬೇಕು, ನಾನು ಹತ್ತಿರ ಇರಬೇಕು. ವೀಡಿಯೊ ಬೇಡ, ಅಲ್ಲಿಯ ಮಕ್ಕಳ ಮುಖ ಹೊರಗೆ ಕಾಣಿಸಬಾರದೆಂಬ ಕಟ್ಟುಪಾಡು ಉಂಟು. ಸುದ್ದಿ ಹೇಳಿದಾಗ ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ಅಷ್ಟು ತಿಂಗಳಲ್ಲಿ ಆಕೆ ನಕ್ಕದ್ದನ್ನು ನಾನು ಕಂಡದ್ದು ಅವತ್ತು ಮಾತ್ರ.

ಬುಧವಾರ ಮಧ್ಯಾಹ್ನ ಬಂದು ಕೂತಳು. ನಾನು ನಂಬರು ಒತ್ತಿ, ಅಲ್ಲಿಯ ವಾರ್ಡನ್ನಿಗೆ ವಿಷಯ ತಿಳಿಸಿ, ಇಬ್ಬರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಕೊಟ್ಟೆ. ಆಚೆ ಮಕ್ಕಳ ಗದ್ದಲ, ಯಾರೋ ಯಾರನ್ನೋ ಕರೆಯುವ ಸದ್ದು. ಆಮೇಲೆ ಹತ್ತಿರದಲ್ಲಿ ಒಂದು ಉಸಿರು.

"ಮಗಾ," ಎಂದಳು ಆಕೆ. "ಒಣಸ್ ಆಂಡಾ ಮಗಾ?" ಊಟ ಆಯಿತೇ ಎಂದು. ಬೇರೆಯವರ ಕಛೇರಿ ಎಂಬ ಸಂಕೋಚಕ್ಕೆ ದನಿ ತಗ್ಗಿತ್ತು. ಉತ್ತರವಿಲ್ಲ. ಸಂಕೋಚ ಬಿಟ್ಟು ಗಟ್ಟಿಯಾಗಿ ಕೇಳಿದಳು. ಉಸಿರು ಮಾತ್ರ ಕೇಳುತ್ತಿತ್ತು.

"ಎಡದ ಕಿವಿಗೆ ಹಿಡಿದಿದ್ದಾರೆ ಅಕ್ಕ," ಎಂದಳು ನನಗೆ. "ಬಲಕ್ಕೆ ಹಿಡೀಲಿಕ್ಕೆ ಹೇಳಿ."

ನಾನು ಮಲಯಾಳದಲ್ಲಿ ಹೇಳಿದೆ. ವಾರ್ಡನ್, ಬಲಗಿವಿಗೇ ಹಿಡಿದಿದ್ದೇನೆ ಎಂದರು.

ಆಕೆಗೆ ಅದು ಕೇಳಿಸಿತು. ನನ್ನತ್ತ ನೋಡಲಿಲ್ಲ. ಫೋನಿನ ಮೇಲೆ ಬಾಗಿ, "ಯಾನ್, ಮಗಾ, ಅಮ್ಮ," ಎಂದಳು, ನಾನು ಎಂದು. ಮತ್ತೆ ಅದನ್ನೇ ಹೇಳಿದಳು. ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ನಿಂತರು. ಆಚೆ ಹುಡುಗಿಯ ಧ್ವನಿ ಕೇಳಿತು. ಅವಳು ಮಾತಾಡಿದ್ದು ನಮ್ಮ ಹತ್ತಿರ ಅಲ್ಲ, ವಾರ್ಡನ್ನಿನ ಹತ್ತಿರ, ಆ ಊರಿನ ಮಾತಿನಲ್ಲಿ.

"ಆರುಮಿಲ್ಲ," ಎಂದಳು. ಯಾರೂ ಇಲ್ಲ ಎಂದು. ಅಲ್ಲಿಂದ ಎದ್ದು ಹೋದ ಹೆಜ್ಜೆಯ ಸದ್ದಾಯಿತು.

"ಇದ್ದೇನೆ ಅಂತ ಹೇಳಿ ಅಕ್ಕ," ಎಂದಳು ಆಕೆ. "ನೀವು ಮಲಯಾಳದಲ್ಲಿ ಹೇಳಿ ಅವರಿಗೆ. ನಾನು ಇದ್ದೇನೆ ಅಂತ ಅವಳಿಗೆ ಹೇಳಲಿಕ್ಕೆ ಹೇಳಿ."

ಹೇಳಿದೆ. ತಿಳಿಸುತ್ತೇನೆ ಎಂದು ವಾರ್ಡನ್ ಫೋನು ಇಟ್ಟರು.